ಪಿಂಜಾರ ಹನೀಫಸಾಬರು ತುಂಬಿದ ದೋಣಿ

“ಮೂರನೇ ದೋಣಿ ನಾ ತೇಲಸ್ತೇನಿ! ತೇಲಸಲಿಲ್ಲಂದ್ರ ಈ ಸೀಮ್ಯಾಗ ಪಿಂಜಾರ ಹನೀಫನ ಹೆಸರು ಯಾರೂ ತಗೀಬ್ಯಾಡ್ರಿ!”

೧೯೮೭ರ ದೀಪಾವಳಿ ಮುಗಿದ ಮರುವಾರ, ಮೇಡ್ಲೇರಿಯ ಶಾಲೆಯ ಕಟ್ಟೆಯ ಮೇಲೆ ನಿಂತು ಮಹಮ್ಮದ್ ಹನೀಫಸಾಬರು ಹೀಗೆ ಗರ್ಜಿಸಿದರು. ಕೇಳಿದವರು ಐದು ಜನ, ಒಂದು ನಾಯಿ. ನಾಯಿ ಎದ್ದು ಹೋಯಿತು. ಉಳಿದವರು ಚಪ್ಪಾಳೆ ತಟ್ಟಿದರು.

ಗರ್ಜನೆಗೆ ಕಾರಣವಿತ್ತು. ಮೇಡ್ಲೇರಿಯ ತುಂಗಭದ್ರಾ ಹೊಳೆಯಲ್ಲಿ ವರ್ಷಕ್ಕೊಮ್ಮೆ ಹಾಯಿದೋಣಿಗಳ ಪಂದ್ಯ ನಡೆಯುತ್ತಿತ್ತು. ಹಿಂದೊಮ್ಮೆ ಸೇತುವೆಯ ಅಳತೆಗೆ ಬಂದ ಎಂಜಿನಿಯರ್ ಒಬ್ಬರು ನಕ್ಷೆ ಬರೆದುಕೊಟ್ಟಿದ್ದರು. ಹೊಳೆಯ ದಂಡೆಯ ಹೊಳಿಯವ್ವನ ಗಂಡ ಅದನ್ನು ನೋಡಿ ಹನ್ನೆರಡಡಿಯ ಆರು ದೋಣಿ ಕಟ್ಟಿದ್ದ, ಆರೂ ಒಂದೇ ಅಳತೆ. ಕಟ್ಟಿದವನು ತೀರಿಹೋದ, ಎಂಜಿನಿಯರ್ ವರ್ಗವಾಗಿ ಹೋದರು, ದೋಣಿಗಳು ಒಂದೊಂದಾಗಿ ಒಲೆ ಸೇರಿದವು. ತೇಲುವವು ಉಳಿದದ್ದು ಎರಡೇ. ಪಂದ್ಯ ನಡೆಸುವ ಸಂಘದ ಪುಸ್ತಕದಲ್ಲಿ ಎಂಜಿನಿಯರ್ ಬರೆದಿಟ್ಟ ನಿಯಮ ಮಾತ್ರ ಕಲ್ಲಿನಂತೆ ಗಟ್ಟಿಯಾಗಿತ್ತು: ಸೀಟಿ ಊದುವಾಗ ಮೂರು ದೋಣಿ ನೀರಿನ ಮೇಲಿರಬೇಕು. ಎರಡು ವರ್ಷ ಸಾಲಾಗಿ ಮೂರು ಕೂಡದಿದ್ದರೆ ಸಂಘ ಬಂದ್, ದೋಣಿ ಹರಾಜು! ಹೋದ ವರ್ಷ ಕೂಡಿರಲಿಲ್ಲ.

ಆರರಲ್ಲಿ ಕೊನೆಯದಾಗಿ ಕಟ್ಟಿದ್ದು ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಹಿತ್ತಲಲ್ಲಿ ಇತ್ತು. ಹತ್ತು ವರ್ಷದಿಂದ ಅವರು ಅದರಲ್ಲಿ ಮೆಣಸಿನಕಾಯಿ ರಾಶಿ ಹಾಕುತ್ತಿದ್ದರು. “ಒಯ್ರೆಪಾ, ಪುಣ್ಯಾ ಬರ್ಲಿ” ಎಂದು ಕೊಟ್ಟರು. ಹನೀಫಸಾಬರು ಅದನ್ನು ಲಾರಿಯ ಮೇಲೆ ರಾಣೇಬೆನ್ನೂರಿಗೆ ತಂದು ತಮ್ಮ ಮನೆಯ ಅಂಗಳದಲ್ಲಿ ಇಳಿಸಿ ಉಜ್ಜಲು ಶುರು ಮಾಡಿದಾಗ ಎದ್ದ ಘಾಟಿಗೆ ಇಡೀ ಓಣಿ ಸೀನಿತು. ಎದುರುಮನೆಯ ಬಿಬಿಜಾನ್ ಎರಡು ದಿನ ಕಿಟಕಿ ತೆಗೆಯಲಿಲ್ಲ.

“ಏನ್ರೀ, ಅದೇನು ದೋಣೀನೋ, ಮಸಾಲಿ ಡಬ್ಬೀನೋ?” ಎಂದಳು ಹೆಂಡತಿ ಮುಮ್ತಾಜಬಿ, ಸೆರಗಿನಿಂದ ಮೂಗು ಮುಚ್ಚಿಕೊಂಡು.

“ಸುಮ್ನಿರ. ಇದು ಇತಿಹಾಸ!”

“ಇತಿಹಾಸಕ್ಕ ಬೆರಳು ಹೋಗೂವಷ್ಟು ಸಂದು ಬಿದ್ದಾವಲ್ರೀ!”

ಮಾತು ಸುಳ್ಳಲ್ಲ. ಹತ್ತು ವರ್ಷ ಒಣಗಿದ ಹಲಗೆಗಳು ಮುದುಡಿ, ಒಂದೊಂದು ಸಂದಿನಿಂದಲೂ ಆಕಾಶ ಕಾಣುತ್ತಿತ್ತು. ಹನೀಫಸಾಬರು ಮೀಸೆ ತಿರುವಿದರು. ಸಂದಿಗೆ ಏನು ತುಂಬಬೇಕು? ಹತ್ತಿ! ಈ ಭೂಮಿಯ ಮೇಲೆ ಹತ್ತಿಯ ವಿಷಯದಲ್ಲಿ ಪಿಂಜಾರನಿಗೆ ಬುದ್ಧಿ ಹೇಳುವ ಗಂಡಸು ಹುಟ್ಟಿದ್ದಾನೆಯೇ? ಅಜ್ಜ ತುಂಬಿದ ಗಾದಿಯ ಮೇಲೆ ಮೊಮ್ಮಕ್ಕಳು ಮಲಗುತ್ತಿದ್ದರು. ಮನೆತನದ ಮಂತ್ರ ಒಂದೇ: ಬಿಗಿದು ತುಂಬು, ಇನ್ನೂ ಬಿಗಿದು ತುಂಬು.

ಗಂಡಸು ಹುಟ್ಟಿರಲಿಲ್ಲ, ನಿಜ. ಹೆಂಗಸು ಹುಟ್ಟಿದ್ದಳು. ಗಂಡ ಕಟ್ಟಿದ ಕೊನೆಯ ದೋಣಿಯನ್ನು ಒಮ್ಮೆ ಕಣ್ಣಿನಿಂದ ನೋಡಬೇಕೆಂದು ಎಪ್ಪತ್ತರ ಹೊಳಿಯವ್ವ ಮೇಡ್ಲೇರಿಯಿಂದ ಬಸ್ಸು ಹತ್ತಿ ಬಂದಳು. ಹಲಗೆಯ ಮೇಲೆ ಅಂಗೈ ಆಡಿಸಿದಳು. ಅವಳ ಕಣ್ಣು ತುಂಬಿ ಬಂದದ್ದನ್ನು ಹನೀಫಸಾಬರು ನೋಡಿದರು. ಆಮೇಲೆ ಆಕೆ ಹೇಳಿದಳು:

“ಹನೀಫಾ, ಮೊದಲ ಇದನ್ನ ಮೂರು ದಿನ ನೀರಾಗ ಮುಳುಗಿಸಿ ಇಡು. ಕಟ್ಟಿಗಿ ನೀರು ಕುಡದು ಉಬ್ಬತೈತಿ, ಸಂದು ತಾವ ಮುಚ್ಕೋತಾವು. ಎಲ್ಲರೆ ಕೂದಲೆಳಿಯಷ್ಟು ಉಳದ್ರ ಅಷ್ಟಕ್ಕ ಹತ್ತಿ ಹಾಕು.”

“ತೇಲೂ ದೋಣೀನ ಮುಳುಗಿಸಬೇಕೇನವಾ?” ಹನೀಫಸಾಬರು ಗಹಗಹಿಸಿ ನಕ್ಕರು.

“ಹೂಂನಪಾ. ಒಣಗಿದ್ದಾಗ ಬಿಗದು ತುಂಬಿದ್ರ, ಕಟ್ಟಿಗಿ ಉಬ್ಬಿದಾಗ ಎಲ್ಲಿ ಹೋಗಬೇಕು? ಮೊಳಿ ಕಿತ್ತು ಬರ್ತಾವು.”

“ಆತು ಬಿಡವಾ, ಹಂಗ ಮಾಡ್ತೇನಿ” ಎಂದರು. ಆಕೆ ಬಸ್ಸು ಹತ್ತಿದ ಕೂಡಲೇ ಹಿಂಜುವ ಬಿಲ್ಲು ತೆಗೆದರು. ಮುದುಕಿಗೆ ನೀರು ಗೊತ್ತು, ಹತ್ತಿ ಏನು ಗೊತ್ತು?

ತುಂಬಿದರು ನೋಡಿ! ಹಾವೇರಿಯ ಪೇಟೆಯಿಂದ ತಂದ ಹತ್ತಿಯನ್ನು ಎಳೆ ಎಳೆಯಾಗಿ ಹಿಂಜಿ, ಬತ್ತಿ ಹೊಸೆದು, ಉಳಿಯಿಂದ ಬಡಿದು ಬಡಿದು ತುಂಬಿದರು. ಹತ್ತಿ ತೀರಿತು, ಸಂದು ತೀರಲಿಲ್ಲ. ಮುಮ್ತಾಜಬಿ ತವರಿಗೆ ಅಗಡಿಗೆ ಹೋಗಿ ಬರುವಷ್ಟರಲ್ಲಿ ಮನೆಯ ದೊಡ್ಡ ಗಾದಿಯ ಹೊಟ್ಟೆ ಸೀಳಿ ಅದನ್ನೂ ತುಂಬಿಬಿಟ್ಟರು. ಮೇಲೆ ಡಾಂಬರು, ಅದರ ಮೇಲೆ ನೀಲಿ ಬಣ್ಣ. ತಿರುಗಿ ಬಂದವಳು ಬರಿದಾದ ಮಂಚ ನೋಡಿದಳು, ದೋಣಿ ನೋಡಿದಳು, ಗಂಡನನ್ನು ನೋಡಿದಳು.

“ಇನ್ನ ಮ್ಯಾಲೆ ಎಲ್ಲಿ ಮಲಗೋದು? ದೋಣ್ಯಾಗೇನು?”

ಹನೀಫಸಾಬರು ಬಣ್ಣದ ಕುಂಚ ತೊಳೆಯತೊಡಗಿದರು. ಇತಿಹಾಸ ಪುರುಷರು ಸಣ್ಣ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲ.

ಪಂದ್ಯದ ದಿನ ಬೆಳಿಗ್ಗೆ ಎಂಟಕ್ಕೆ ದೋಣಿ ಮೇಡ್ಲೇರಿಯ ನೀರಿಗೆ ಇಳಿಯಿತು. ಒಳಗೆ ಒಂದು ಹನಿ ನೀರಿಲ್ಲ! ದಂಡೆಯಲ್ಲಿದ್ದ ಮುಮ್ತಾಜಬಿಯೊಬ್ಬಳನ್ನು ಬಿಟ್ಟು ಜನ ಹೋ ಎಂದರು. ಹೊಳಿಯವ್ವ ದಂಡೆಗೆ ಬಂದು ಕೇಳಿದಳು:

“ನೀರಾಗ ಮುಳುಗಿಸಿ ಇಟ್ಟಿದ್ದೇನು, ಹನೀಫಾ?”

“ಮೂರಲ್ಲವಾ, ನಾಕು ದಿನ! ನಮ್ಮೂರ ಕೆರ್ಯಾಗ!”

ಸುಳ್ಳು ನಾಲಿಗೆಯ ತುದಿಯಿಂದ ಎಷ್ಟು ಸಲೀಸಾಗಿ ಜಾರಿತೆಂದರೆ ಹನೀಫಸಾಬರಿಗೇ ಆಶ್ಚರ್ಯವಾಯಿತು. ಹೊಳಿಯವ್ವ ಹಲಗೆಯ ಮೇಲೆ ಮತ್ತೊಮ್ಮೆ ಅಂಗೈ ಆಡಿಸಿ, “ಛಲೋ ಆತು” ಎಂದು ಹೋಗಿ ಸಂಘದ ಕಾರ್ಯದರ್ಶಿ ಹಾಲೇಶಪ್ಪ ಮಾಸ್ತರರ ಮಗ್ಗುಲಲ್ಲಿ ಕುಳಿತಳು. ಸೀಟಿ ಅವರ ಕೊರಳಲ್ಲಿತ್ತು. ಪಂದ್ಯ ಮೂರು ಗಂಟೆಗೆ.

ಮಧ್ಯಾಹ್ನದವರೆಗೆ ಹನೀಫಸಾಬರು ದೋಣಿಯಲ್ಲಿ ಕುಳಿತು ದಂಡೆಯ ಜನರ ಸಲಾಮು ಸ್ವೀಕರಿಸಿದರು. ದೋಣಿ ಮಾತ್ರ ಹತ್ತು ವರ್ಷದ ಬಾಯಾರಿಕೆ ತೀರಿಸಿಕೊಳ್ಳುತ್ತಿತ್ತು. ಕುಡಿಯಿತು, ಕುಡಿಯಿತು, ಉಬ್ಬಿತು. ಉಬ್ಬಲು ಜಾಗವೆಲ್ಲಿದೆ? ಸಂದಿನಲ್ಲಿ ಪಿಂಜಾರರ ಮೂರು ತಲೆಮಾರಿನ ಕಸುಬು ಬಿಗಿದು ಕುಳಿತಿದೆ!

ಎರಡೂವರೆಗೆ “ಟಕ್” ಎಂದಿತು. ಒಂದು ಮೊಳೆ ತಲೆ ಎತ್ತಿತು. ಹನೀಫಸಾಬರು ಅದರ ಮೇಲೆ ಕಾಲಿಟ್ಟು ನಕ್ಕರು. ಇನ್ನೊಂದು ಟಕ್. ಇನ್ನೊಂದು ಕಾಲನ್ನೂ ಇಟ್ಟರು. ಮೂರನೆಯದಕ್ಕೆ ದೇವರು ಕಾಲು ಕೊಟ್ಟಿರಲಿಲ್ಲ. ಇನ್ನೂ ಅರ್ಧ ತಾಸು! ಈಗ ಮುಳುಗಿದರೆ ಎರಡೇ ದೋಣಿ. ಎರಡಾದರೆ ಸಂಘ ಸತ್ತಂತೆ. ಆ ಮುದುಕಿಯ ಗಂಡ ಕಟ್ಟಿದ್ದೆಲ್ಲ ಸಾಮಿಲ್‌ಗೆ ಹೋಗುತ್ತದೆ. ಕೊಂದವನು ಯಾರು? ‘ಬಿಡವಾ, ಹಂಗ ಮಾಡ್ತೇನಿ’ ಎಂದವನು! ಆ ಬಿಸಿಲಿನಲ್ಲಿ ಹನೀಫಸಾಬರ ಮುಖ ಒಳಗಿನಿಂದಲೇ ಸುಟ್ಟಿತು.

“ಟಪ್!”

ತಳದ ಹಲಗೆಯೊಂದು ಮುನಿದು ಹೊರಕ್ಕೆ ಸಿಡಿಯಿತು. ಸಂದಿನಿಂದ ಮನೆಯ ಗಾದಿ ಮೊಳಗಟ್ಟಲೆ ಹೊರಬಂದು ತುಂಗಭದ್ರೆಯ ಮೇಲೆ ತೇಲಿತು. ನೀರು ಒಳಗೆ ನುಗ್ಗಿತು. ಹನೀಫಸಾಬರು ರುಮಾಲು ತುರುಕಿದರು, ಅಂಗಿ ಬಿಚ್ಚಿ ತುರುಕಿದರು. ದಂಡೆಯಿಂದ ಒಂದು ಧ್ವನಿ ಸಿಡಿಲಿನಂತೆ ಬಂತು:

“ಮಾಸ್ತರ, ಊದ್ರಿ! ಈಗಿಂದೀಗ ಊದ್ರಿ!”

ಹೊಳಿಯವ್ವ! ಹಾಲೇಶಪ್ಪ ಮಾಸ್ತರರು ಕೆನ್ನೆ ಉಬ್ಬಿಸಿ ಊದಿಯೇ ಬಿಟ್ಟರು. ಗಳಗನಾಥದ ಕೊಟ್ರಪ್ಪ ತನ್ನ ದೋಣಿಯಲ್ಲಿ ಕುಳಿತು ರೊಟ್ಟಿ ತಿನ್ನುತ್ತಿದ್ದವನು ಬಾಯಲ್ಲಿ ರೊಟ್ಟಿ ಕಚ್ಚಿಕೊಂಡೇ ಹಾಯಿ ಎಳೆದ. ಮೇಡ್ಲೇರಿಯ ಉಡಚಪ್ಪ ಒಂದು ಚಪ್ಪಲಿಯಲ್ಲೇ ಹೊರಟ. ಹನೀಫಸಾಬರ ದೋಣಿ ಸೀಟಿಯ ಸದ್ದು ನಿಲ್ಲುವವರೆಗೆ ನೀರಿನ ಮೇಲಿತ್ತು, ಆಮೇಲೆ ಇರಲಿಲ್ಲ.

“ಮುಳುಗಿದ್ನೋ! ಸತ್ನೋ! ಹಿಡೀರ್ಯೋ!” ಎಂದು ಹನೀಫಸಾಬರು ಬಾಯಿ ಬಡಿದುಕೊಂಡರು.

“ಎದ್ದು ನಿಂದ್ರೋ ಹನೀಫಾ!” ಎಂದು ಜನ ಕೂಗಿದರು. ಎದ್ದು ನಿಂತರು. ನೀರು ಸೊಂಟದವರೆಗಿತ್ತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರೆ. ಇಲ್ಲಿ ಮೀಸೆಯಿಂದ ಹತ್ತಿ ಜೋತುಬಿದ್ದಿತ್ತು.

ಕೊಟ್ರಪ್ಪ ಗೆದ್ದ. ಮಾಸ್ತರರು ಪುಸ್ತಕ ತೆರೆದು, ಮೂರು ದೋಣಿ ಕೂಡಿದವು, ಪಂದ್ಯ ನಡೆಯಿತು ಎಂದು ಬರೆದು ರುಜು ಹಾಕಿದರು. ಮೂವರೇ ಇದ್ದದ್ದರಿಂದ ಮೂರನೇ ಬಹುಮಾನವನ್ನೂ ಕೊಡಬೇಕಲ್ಲ! “ಮಹಮ್ಮದ್ ಹನೀಫ್!” ಎಂದು ಕೂಗಿದಾಗ ಹನೀಫಸಾಬರು ಬೇವಿನ ಮರದ ಹಿಂದೆ, ಯಾರದೋ ಕಂಬಳಿ ಹೊದ್ದು, ಭೂಮಿ ಬಾಯಿ ಬಿಡಲಿ ಎಂದು ಕಾಯುತ್ತಿದ್ದರು. ಭೂಮಿ ಬಾಯಿ ಬಿಡಲಿಲ್ಲ. ಹೊಳಿಯವ್ವ ಬಂದಳು.

ಹನೀಫಸಾಬರು ಅವಳ ಕಾಲಿನ ಕಡೆ ನೋಡುತ್ತಾ ಹೇಳಿದರು: “ಯವ್ವಾ, ನಾ ಸುಳ್ಳು ಹೇಳಿದ್ನಿ. ಒಂದು ದಿನಾನೂ ನೀರಾಗ ಇಡಲಿಲ್ಲ. ನಿನ್ನ ಮಾತಿಗೆ ನಕ್ಕ ಬಾಯಿ ಇದು. ನಿನ್ನ ಗಂಡನ ದೋಣಿ ಹಾಳು ಮಾಡಿದ್ನಿ. ನನಗ ಬೈಯವಾ, ಬೈದ್ರ ಹಗೂರ ಆಗತೈತಿ.”

“ಬೈಯೂದೇನು? ನನಗ ಮುಂಜಾನಿನ ಗೊತ್ತಾತು. ನೀರು ಕುಡದ ಹಲಿಗಿ ಕೈಗೆ ತಂಪು ಹತ್ತತೈತಿ. ನಿಂದು ಕಾದ ಹಂಚಿನಂಗ ಇತ್ತು. ಅದಕ್ಕ ಮಾಸ್ತರಗ ಹೇಳಿಟ್ಟಿದ್ನಿ, ನಾ ಕೂಗಿದ ಕೂಡ್ಲೆ ಊದ್ರಿ ಅಂತ.”

ಹನೀಫಸಾಬರ ಬಾಯಿ ತೆರೆಯಿತು. “ಗೊತ್ತಿದ್ದೂ ದೋಣ್ಯಾಗ ಕುಂಡ್ರಾಕ ಬಿಟ್ಟಿ?”

“ಹಲಿಗಿ ಬಿಚ್ಚಿದ್ರ ಮತ್ತ ಬಡೀಬಹುದು. ಆಟ ನಿಂತ್ರ ಯಾವ ಮೊಳಿಲೆ ಬಡೀಲಿ?”

“ಅಲ್ಲವಾ, ನನಗ ಈಜು ಬರೂದಿಲ್ಲ! ನಾ ಸತ್ತಿದ್ರ?”

“ಅದನ್ನೂ ವಿಚಾರ ಮಾಡಿದ್ನೆಪಾ. ನಿನ್ನ ಹೇಣ್ತಿನ್ನ ಕೇಳಿದ್ನಿ.”

ಹನೀಫಸಾಬರು ತಿರುಗಿ ನೋಡಿದರು. ತುಸು ದೂರದಲ್ಲಿ ಮುಮ್ತಾಜಬಿ ಅವರ ಒದ್ದೆ ಅಂಗಿಯನ್ನು ಹಿಂಡುತ್ತಾ ನಿಂತಿದ್ದಳು.

“ಏನಂದ್ಲು?”

ಹೊಳಿಯವ್ವ ಸೆರಗಿನಿಂದ ಅವರ ಮೀಸೆಯ ಮೇಲಿನ ಹತ್ತಿ ಒರೆಸಿದಳು.

“‘ಈಜು ಬರೂದಿಲ್ಲ ಬಿಡಬೇ, ಆದ್ರ ಬಾಯಿ ಮುಚ್ಕೊಂಡಿದ್ರ ತೇಲ್ತಾರ’ ಅಂದ್ಲು.”