ಶಾಂಪೂವಿನ ಮೂಲ ಮತ್ತು ನನ್ನ ಕತ್ತು

ಎಂಟನೇ ಕ್ಲಾಸಿನ ಮಗಳು ಅನಘಾ ಶನಿವಾರ ಶಾಲೆಯ ಭಾಷಣ ಸ್ಪರ್ಧೆಯಲ್ಲಿ ಮೂರು ನಿಮಿಷ ಮಾತಾಡಬೇಕಿತ್ತು. ದಿನಬಳಕೆಯ ಒಂದು ಇಂಗ್ಲಿಷ್ ಪದ. ಅದರ ಅರ್ಥ, ಮೂಲ, ಬಳಕೆ. ಹೋದ ಸಲ ವೇದಿಕೆಯಲ್ಲಿ ಮಾತು ಮರೆತು ಅಳುತ್ತಾ ಇಳಿದಿದ್ದಳು. ಈ ಸಲ ಹಾಗಾಗಬಾರದೆಂದು ಇಡೀ ಜವಾಬ್ದಾರಿಯನ್ನು ನಾನೇ ವಹಿಸಿಕೊಂಡೆ.

"ಅಪ್ಪಾ, ಬಸ್ ಅಂತ ತಗೊಳ್ಲಾ?"

"ಅದನ್ನ ಎಲ್ರೂ ತಗೋತಾರೆ ಕಣೇ. ಶಾಂಪೂ ತಗೋ! ಹಿಂದೀಲಿ ಚಾಂಪೋ ಅಂದ್ರೆ ಒತ್ತು ಅಂತ. ಇಂಗ್ಲಿಷ್‌ನೋರು ಅದನ್ನ ಹೊತ್ಕೊಂಡು ಹೋಗಿ ತಲೆ ತೊಳೆಯೋದಕ್ಕೆ ಇಟ್ರು."

ನಾಲ್ಕು ಪುಟ ಬರೆದುಕೊಟ್ಟೆ. ಪ್ರದರ್ಶನಕ್ಕೆಂದು ಮನೆಯಲ್ಲಿದ್ದ ಒಂದೇ ಶಾಂಪೂ ಬಾಟಲಿಯನ್ನೂ ಅವಳ ಬ್ಯಾಗಿಗೆ ಹಾಕಿದೆ. ಶನಿವಾರ ಬೆಳಿಗ್ಗೆ ಬಾಕಿ ಇದ್ದದ್ದು ಸಭೆಯಲ್ಲಿ ತೋರಿಸಲು ತಲೆ ಒತ್ತುವ ವಿಡಿಯೋ ಮಾತ್ರ.

"ಶನಿವಾರ ಯಾರಾದ್ರೂ ಕಟಿಂಗ್ ಶಾಪಿಗೆ ಹೋಗ್ತಾರೇನ್ರೀ?" ಎಂದಳು ಹೆಂಡತಿ ಶೈಲಾ.

"ಕಟಿಂಗ್ ಅಲ್ಲ, ಸಂಶೋಧನೆ!"

ಆರ್.ಟಿ. ನಗರದ ರಹಮತ್ ಭಾಯಿ ಇಪ್ಪತ್ತು ವರ್ಷದಿಂದ ನನ್ನ ತಲೆಯ ಉಸ್ತುವಾರಿ ನೋಡಿಕೊಂಡು ಬಂದವರು. ಎಣ್ಣೆ ಸುರಿದು ಟಪಟಪ ಬಡಿದರು. ನಾನು ಮೊಬೈಲ್ ಎತ್ತಿ ಹಿಡಿದು ಶಬ್ದದ ಇತಿಹಾಸ ವಿವರಿಸುತ್ತಿದ್ದೆ. ಕೊನೆಗೆ ಅವರು ನನ್ನ ಗದ್ದ ಹಿಡಿದರು.

"ಸಾರ್, ನೆಟಿಗೆ ತೆಗೀತೀನಿ. ಮಾತಾಡ್ಬೇಡಿ, ಅಲ್ಲಾಡ್ಬೇಡಿ."

"ಆಯ್ತು ಭಾಯ್. ಆದ್ರೆ ಈ ಚಾಂಪೋ ಅನ್ನೋದಿದೆಯಲ್ಲ..." ಎಂದು ಅವರ ಕಡೆ ತಿರುಗಿದೆ.

ಲಟಕ್!

ಕತ್ತು ಎಡಕ್ಕೆ ಹೋಯಿತು. ವಾಪಸ್ ಬರಲಿಲ್ಲ. ವಿಡಿಯೋದಲ್ಲಿ ಬಂದದ್ದು ಬರೀ ಫ್ಯಾನು.

"ಅದ್ಯಾರನ್ನ ನೋಡ್ತಿದ್ದೀರಿ?" ಎಂದಳು ಶೈಲಾ ಮನೆ ಬಾಗಿಲಲ್ಲೇ. "ಮೊದ್ಲು ಶಾಂಪೂ ಹಾಕಿ ತಲೆ ತೊಳ್ಕೊಳ್ಳಿ, ಎಣ್ಣೆ ಸೋರ್ತಿದೆ."

ಶಾಂಪೂ ಶಾಲೆಗೆ ಹೋಗಿತ್ತು!

ಹಾಗೇ ಶಾಲೆಗೆ ಹೋಗಿ ಸಭೆಯ ಮುಂದಿನ ಸಾಲಿನಲ್ಲಿ ಕೂತೆ. ಎಡಗಡೆಯ ಮಹಿಳೆ ಎರಡು ನಿಮಿಷ ನನ್ನ ನೋಟವನ್ನು ಸಹಿಸಿ, ಎದ್ದು ಬೇರೆ ಕಡೆ ಕೂತರು. ವೇದಿಕೆಯ ಮೇಲೆ ಅನಘಾ ನನ್ನ ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡಳು. ದನಿ ನಡುಗಿತು. ಅಷ್ಟರಲ್ಲಿ ಅವಳ ಕಣ್ಣು ನನ್ನ ಮೇಲೆ ಬಿದ್ದಿರಬೇಕು. ಹಾಳೆ ಮಡಿಸುವ ಸದ್ದು ಕೇಳಿಸಿತು.

"ಅರ್ಥ, ಈ ಬಾಟ್ಲಲ್ಲಿ ಇರೋದು. ಮೂಲ, ತಲೆ ಒತ್ತೋದು. ಬಳಕೆ... ಮುಂದೆ ಎಣ್ಣೆ ಸುರಿಸ್ಕೊಂಡು ಗೋಡೆ ನೋಡ್ತಿದ್ದಾರಲ್ಲ, ಅವ್ರಿಗೆ ಇದು ಅರ್ಜೆಂಟಾಗಿ ಬೇಕು. ಅವ್ರು ನಮ್ಮಪ್ಪ."

ಇಡೀ ಸಭೆ ಇತ್ತ ತಿರುಗಿತು. ತಿರುಗದವನು ನಾನೊಬ್ಬನೇ. ಚಪ್ಪಾಳೆಯೋ ಚಪ್ಪಾಳೆ! ಅವಳಿಗೇ ಮೊದಲ ಬಹುಮಾನ.

"ಎಷ್ಟು ಚೆನ್ನಾಗಿ ಮಾತಾಡಿದ್ಲು! ನೀವೇ ಹೇಳ್ಕೊಟ್ರಾ ಸಾರ್?" ಎಂದು ಟೀಚರ್ ಕೇಳಿದರು.

ಇಲ್ಲವೆಂದು ಪ್ರಾಮಾಣಿಕವಾಗಿ ತಲೆ ಅಲ್ಲಾಡಿಸಲು ಹೋದೆ. ಆಗಲಿಲ್ಲ.