ಏನೂ ಆಗುವುದಿಲ್ಲ ಎಂದ ಪ್ರೆಬೆನ್

ಪ್ರೆಬೆನ್‌ಗೆ ಬೇಕಿದ್ದದ್ದು ಒಂದು ಚಂದದ ಚಿತ್ರ, ಅಷ್ಟೇ. ಮರುದಿನ ಸ್ವೀಡನ್ನಿನ ಲುಂಡ್‌ನ ಸಮ್ಮೇಳನದಲ್ಲಿ ಅವನ ಭಾಷಣ; ಏರಿಳಿತವಿಲ್ಲದ ಗೆರೆಯೊಂದನ್ನು ಅಲ್ಲಿ ತೋರಿಸಬೇಕಿತ್ತು. ರಕ್ತನಾಳದ ಸ್ನಾಯುಕೋಶದೊಳಗಿನ ಆಮ್ಲವನ್ನು ಇನ್ಸುಲಿನ್ ಏರಿಸುವುದೂ ಇಲ್ಲ, ಇಳಿಸುವುದೂ ಇಲ್ಲ ಎಂದು ಆರ್ಹುಸ್‌ನ ಪ್ರಯೋಗಾಲಯದಲ್ಲಿ ಇಡೀ ಚಳಿಗಾಲ ಕೂತು ಕಂಡುಕೊಂಡಿದ್ದ. ಏನೂ ಆಗುವುದಿಲ್ಲ ಎಂಬುದಕ್ಕೆ ಇಷ್ಟು ಬೆವರು ಸುರಿಸಿದವನು ಡೆನ್ಮಾರ್ಕಿನಲ್ಲೇ ಇನ್ನೊಬ್ಬನಿರಲಿಲ್ಲ.

ಬೆಳಿಗ್ಗೆ ಇಲಿಯ ರಕ್ತನಾಳದ ಚೂರೊಂದನ್ನು ದ್ರಾವಣದಲ್ಲಿಟ್ಟು ಒಂದು ಹನಿ ಇನ್ಸುಲಿನ್ ಬಿಟ್ಟ. ಇಷ್ಟು ದಿನ ಸತ್ತ ಹಾವಿನಂತೆ ಬಿದ್ದಿದ್ದ ಪರದೆಯ ಗೆರೆ ಮೆಲ್ಲಗೆ ಹೆಡೆ ಎತ್ತಿತು. ಗೆರೆ ಏರಿದರೆ ಆಮ್ಲ ಇಳಿದಂತೆ. ಆಮ್ಲ ಇಳಿಯುತ್ತಿತ್ತು!

“ಅಯ್ಯೋ, ಮಲ್ಕೊಳೇ!” ಎಂದು ಗೆರೆಯನ್ನೇ ಬೇಡಿಕೊಂಡ.

ಪಕ್ಕದ ಮೇಜಿನ ಫ್ಲೆಮಿಂಗ್ ಇಣುಕಿದ. “ಗ್ರೇಟೆ! ಬಾ ಇಲ್ಲಿ, ಇನ್ಸುಲಿನ್ ಕೆಲ್ಸ ಮಾಡ್ತಿದೆ!”

ವಿಭಾಗದ ಮುಖ್ಯಸ್ಥೆ ಗ್ರೇಟೆ ಓಡಿಬಂದಳು. “ನಾನು ಬಡ್ಕೊಳ್ಲಿಲ್ವಾ? ಲುಂಡ್‌ಗೆ ಫೋನ್ ಮಾಡು. ಭಾಷಣ ಬದಲಾಯ್ತು ಅನ್ನು.”

“ಇನ್ನೊಂದ್ಸಲ ನೋಡೋಣ...”

“ನಿನ್ನ ಅನುಮಾನಕ್ಕೆ ಬೆಂಕಿ ಹಾಕ. ಮಾಡು!”

ಪ್ರಯೋಗಾಲಯದ ಹಿರಿಯ ಸಹಾಯಕಿ ಬೋದಿಲ್ ಅಷ್ಟರಲ್ಲೇ ಕೋಟು ತೊಟ್ಟು ಕೇಕ್ ತರಲು ಹೊರಟಿದ್ದಳು.

“ಪರಿಣಾಮ ಇದೆ. ಸರಿ, ಬರ್ಕೊಂಡೆ,” ಎಂದಳು ಫೋನಿನಲ್ಲಿ ಲುಂಡ್‌ನ ಸಮ್ಮೇಳನ ಕಚೇರಿಯ ಹೆಂಗಸು.

ಕೇಕ್ ತಿಂದು ಬಂದು ನೋಡಿದರೆ ದ್ರಾವಣದಲ್ಲಿ ಗುಳ್ಳೆಗಳೇ ಇಲ್ಲ. ಅದಕ್ಕೆ ಸದಾ ಇಂಗಾಲಾಮ್ಲದ ಗ್ಯಾಸ್ ಹಾಯುತ್ತಿರಬೇಕು. ನಿಂತರೆ ಇನ್ಸುಲಿನ್ನಿನ ಹಂಗೇ ಇಲ್ಲದೆ ಆಮ್ಲ ತಾನಾಗಿ ಇಳಿಯುತ್ತದೆ. ಪ್ರೆಬೆನ್ ಸಿಲಿಂಡರಿನತ್ತ ಓಡಿದ; ತಿರುಪು ಮುಚ್ಚಿತ್ತು.

“ಗ್ಯಾಸ್ ಮುಚ್ಚಿದ್ಯಾರು?”

“ನಾನೇ,” ಎಂದ ಫ್ಲೆಮಿಂಗ್, ಮೀಸೆಯಲ್ಲಿದ್ದ ಕೆನೆ ಒರೆಸಿಕೊಳ್ಳುತ್ತ. “ನೀನು ಬರೋ ಮುಂಚೆಯಿಂದ ಉಸ್ ಅಂತಿತ್ತು, ತಲೆನೋವು. ನೀನು ಹನಿ ಬಿಡೋ ಹೊತ್ತಿಗೆ ಮುಚ್ಬಿಟ್ಟೆ. ಯಾಕೆ, ನಿಂಗೆ ಬೇಕಿತ್ತಾ?”

ಸುದ್ದಿ ಕೇಳಿ ಗ್ರೇಟೆ ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಪ್ರೆಬೆನ್ ಮತ್ತೆ ಫೋನೆತ್ತಿದ.

“ಪರಿಣಾಮ ಇಲ್ಲ,” ಎಂದ.

“ನಿಮ್ಮ ಡೆನ್ಮಾರ್ಕಲ್ಲಿ ಊಟಕ್ಕೆ ಮುಂಚೆ ಒಂದು, ಊಟ ಆದ್ಮೇಲೆ ಒಂದಾ?” ಎಂದಳು ಆಕೆ.

ಮಾನ ಹೋದರೂ ಮನಸ್ಸು ಹಗುರಾಯಿತು. ಚಳಿಗಾಲದ ದುಡಿಮೆ ಉಳಿಯಿತಲ್ಲ! ಗ್ಯಾಸ್ ಬಿಟ್ಟ. ಗುಳ್ಳೆ ಎದ್ದವು. ಹೊಸ ಚೂರು ಇಟ್ಟು, ಗೆರೆ ಮತ್ತೆ ಮಲಗುವವರೆಗೂ ಕಾದು, ಚಿತ್ರಕ್ಕೆಂದು ಒಂದು ಹನಿ ಬಿಟ್ಟ.

ಗೆರೆ ಎದ್ದಿತು. ಮೊದಲಿಗಿಂತ ಠೀವಿಯಿಂದ ಎದ್ದಿತು.

ತಟ್ಟೆ ಎತ್ತಲು ಬಂದ ಬೋದಿಲ್ ಅವನ ಮುಖ ನೋಡಿ ಗಾಬರಿಯಾದಳು. “ಯಾಕಪ್ಪಾ? ಹೊಸ ಇನ್ಸುಲಿನ್ ಸರಿಯಿಲ್ವಾ?”

“ಹೊಸದಾ?”

“ಹಳೇದು ಫ್ರಿಜ್ಜೊಳಗೆ ಹಿಂದ್ಗಡೆ ದಿನಾ ಕಲ್ಲಾಗಿರ್ತಿತ್ತು. ನಿಂಗ್ಯಾಕೆ ತೊಂದ್ರೆ ಅಂತ ಚಳಿಗಾಲ ಪೂರ್ತಿ ನಾನೇ ಅಂಗೈಲಿ ಉಜ್ಜಿ ಕರಗಿಸಿ ಇಡ್ತಿದ್ದೆ. ನಾಳೆ ನಿನ್ನ ಭಾಷಣ ಅಲ್ವಾ, ಇವತ್ತಾದ್ರೂ ಒಳ್ಳೇದು ಸಿಗ್ಲಿ ಅಂತ...”

ಹೆಪ್ಪುಗಟ್ಟಿ ಕರಗಿದ ಇನ್ಸುಲಿನ್ನಿನಲ್ಲಿ ಜೀವ ಉಳಿಯದು. ಇಡೀ ಚಳಿಗಾಲ ಅವನು ಅಳೆದದ್ದು ಹೆಣದ ಪ್ರತಾಪ. ಬೈಯಲು ಬಾಯಿ ತೆರೆದ. ಆಕೆಯ ಕೆಂಪಗೆ ಒಡೆದ ಅಂಗೈ ಕಂಡು ಮುಚ್ಚಿಕೊಂಡ.

“ತುಂಬಾ ಉಪಕಾರವಾಯ್ತು, ಬೋದಿಲ್,” ಎಂದು ಫೋನಿನತ್ತ ನಡೆದ.

“ನಾನು ಪ್ರೆಬೆನ್, ಆರ್ಹುಸ್...”

“ಗೊತ್ತಾಯ್ತು,” ಎಂದಳು ಲುಂಡ್‌ನವಳು. “ತಡೀರಿ, ಈ ಸಲ ಪೆನ್ಸಿಲ್ ತಗೋತೀನಿ.”