ಮೂವತ್ತೈದು ಡಿಗ್ರಿಯ ಸಂಸಾರ

ಕೋಳಿಮರಿ ಸಾಕುವವರ ಮನೆಯಲ್ಲಿ ಒಂದು ವಾರ ಸುಮ್ಮನೆ ಕಳೆಯಿತು ಅಂತ ಇಲ್ಲ, ಏನಾದರೊಂದು ಆಗಿಯೇ ಆಗುತ್ತದೆ. ನಮ್ಮ ಮನೆ ಮಡಂತ್ಯಾರಿನ ಹತ್ತಿರ. ಇರುವುದು ನಾನು ಮತ್ತು ಅತ್ತೆ. ನಮ್ಮವರು ದೋಹಾದಲ್ಲಿ ಎ.ಸಿ. ರಿಪೇರಿ ಮಾಡುತ್ತಾರೆ. ಅಲ್ಲಿ ಅವರು ಜನರನ್ನು ತಣ್ಣಗಿಡುತ್ತಾರೆ, ಇಲ್ಲಿ ನಾನು ಮರಿಗಳನ್ನು ಬೆಚ್ಚಗಿಡುತ್ತೇನೆ. ನಮ್ಮಿಬ್ಬರ ಮಾತೆಲ್ಲ ಫೋನಿನಲ್ಲಿ, ಅದೂ ಹೆಚ್ಚಾಗಿ ಡಿಗ್ರಿಯ ವಿಷಯವೇ.

೧. ಜ್ವರ

ಮೊದಲ ಸಲ ಮೂಡುಬಿದಿರೆಯಿಂದ ಒಂದು ದಿನದ ನೂರು ಮರಿ ತಂದೆ. ಕೊಟ್ಟಿಗೆಯಲ್ಲಿ ಉಮಿ ಹರಡಿ, ಸುತ್ತ ತಗಡನ್ನು ಉರುಟಾಗಿ ನಿಲ್ಲಿಸಿ, ಮೇಲಿನಿಂದ ನಾಲ್ಕು ಬಲ್ಬ್ ಇಳಿಬಿಟ್ಟೆ. ಮೊದಲ ವಾರ ಮೂವತ್ತೈದು ಡಿಗ್ರಿ ಇರಬೇಕು ಅಂತ ಇವರು ಹೇಳಿದ್ದರು. ಥರ್ಮಾಮೀಟರ್ ನೋಡಿದರೆ ತೊಂಬತ್ತೈದು. ಮೂರು ಬಲ್ಬ್ ಆರಿಸಿ, ಗೆರಸೆ ಹಿಡಿದು ಗಾಳಿ ಹಾಕಲು ಕೂತೆ. ಗಾಳಿ ಹಾಕಿದಷ್ಟೂ ಮರಿಗಳು ಒಂದರ ಮೇಲೊಂದು ಬಿದ್ದು ಕೂಗತೊಡಗಿದವು.

ಅತ್ತೆ ಬಗ್ಗಿ ನೋಡಿದರು. "ಇದು ಜ್ವರವೇ. ಮುದುಡಿ ಮಲಗಿದ್ದು ನೋಡು. ಕರಿಮೆಣಸಿನ ಕಷಾಯ ಮಾಡುವ." ಒಲೆಯ ಮೇಲೆ ನೀರು ಇಟ್ಟದ್ದೂ ಆಯಿತು.

ಅಷ್ಟರಲ್ಲಿ ಇವರ ಫೋನ್ ಬಂತು. "ಥರ್ಮಾಮೀಟರಿನಲ್ಲಿ ಎಫ್ ಅಂತ ಉಂಟಾ?"

"ಉಂಟು."

"ಅದು ಫ್ಯಾರನ್‌ಹೀಟ್ ಮಾರಾಯ್ತಿ. ನಾನು ಹೇಳಿದ ಮೂವತ್ತೈದೇ ಅದು. ಬೇಗ ಬಲ್ಬ್ ಹಾಕು." ಮತ್ತೆ ನಗುತ್ತಾ, "ಇಲ್ಲಿ ಹೊರಗೆ ನಲವತ್ತೈದು ಉಂಟು. ಆಗುವುದಾದರೆ ಹತ್ತು ಡಿಗ್ರಿ ಪಾರ್ಸೆಲ್ ಮಾಡ್ತಿದ್ದೆ," ಅಂದರು.

ಅತ್ತೆ ಪಕ್ಕದಿಂದ, "ಪಾರ್ಸೆಲ್ ಬೇಡ. ಅವನೇ ಹಿಡ್ಕೊಂಡು ಬರಲಿ," ಅಂದರು.

೨. ತಾಯಿ ಇಲ್ಲದವು

ಎರಡನೇ ಸಲ ಮರಿ ತಂದ ಮೂರನೇ ದಿನ ಜೋರು ಮಳೆ. ಮಧ್ಯಾಹ್ನ ಕೊಂಬೆ ಬಿದ್ದು ಕರೆಂಟ್ ಹೋಯಿತು. ಚಳಿಯಾದರೆ ಮರಿಗಳು ಗುಂಪುಗೂಡಿ ಒಂದರಡಿ ಒಂದು ಸಿಕ್ಕಿ ಸಾಯುತ್ತವೆ. ನಾನು ಬಾಟಲಿಗಳಿಗೆ ಬಿಸಿನೀರು ತುಂಬಿ, ಬಟ್ಟೆ ಸುತ್ತಿ ಅವುಗಳ ನಡುವೆ ಇಡುತ್ತಿದ್ದೆ. ಅತ್ತೆ ಲೈನ್‌ಮ್ಯಾನಿಗೆ ಫೋನ್ ಮಾಡಿದರು. "ಮನೆಯಲ್ಲಿ ಹುಟ್ಟಿ ಮೂರು ದಿನ ಆದದ್ದು ಉಂಟು. ತಾಯಿ ಇಲ್ಲ. ಬಲ್ಬಿನ ಬಿಸಿಯಲ್ಲೇ ಬದುಕಿರುವುದು."

ಅರ್ಧ ಗಂಟೆಯಲ್ಲಿ ಕರೆಂಟ್ ಬಂತು. ಹಿಂದೆಯೇ ಲೈನ್‌ಮ್ಯಾನ್ ಬಂದು, ಚಪ್ಪಲಿ ಕಳಚಿ, ಮೆಲ್ಲಗೆ ಕೇಳಿದರು, "ಮಗು ಹುಷಾರುಂಟಾ?"

ಅತ್ತೆ ಖುಷಿಯಿಂದ ಕೊಟ್ಟಿಗೆಗೆ ಕರೆದುಕೊಂಡು ಹೋದರು. "ನೀವೇ ನೋಡಿ. ಒಟ್ಟು ನೂರು."

ಅವರು ಮರಿಗಳನ್ನು ನೋಡಿದರು, ಅತ್ತೆಯನ್ನು ನೋಡಿದರು. "ತಾಯಿ ಇಲ್ಲ ಅಂದದ್ದು?"

"ಇಲ್ಲವಲ್ಲ. ತಂದೆಯೂ ಇಲ್ಲ."

ಅವರು ಜೇಬಿನಿಂದ ಒಂದು ಸಣ್ಣ ಉಣ್ಣೆ ಟೊಪ್ಪಿ ತೆಗೆದರು. "ಬರುವ ದಾರಿಯಲ್ಲೇ ನಮ್ಮ ಮನೆ. ಮಗಳದ್ದು ಹಳೆಯದು ಇತ್ತು, ಹಿಡ್ಕೊಂಡು ಬಂದೆ," ಅಂದರು.

ಅತ್ತೆ ಅದನ್ನು ತಿರುಗಿಸಿ ನೋಡಿ, "ನೂರಕ್ಕೆ ಒಂದು ಸಾಕಾಗಲಿಕ್ಕಿಲ್ಲ," ಅಂದರು.

೩. ಇಲಿ

ಮೂರನೇ ಸಲದ ಮರಿಗಳು ಬಂದ ದಿನವೇ ಇವರೂ ಬಂದರು, ಎರಡು ವರ್ಷದ ಮೇಲೆ ಒಂದು ತಿಂಗಳ ರಜೆಯಲ್ಲಿ. ಮರಿ ಬೆಳೆದ ಹಾಗೆ ಬಿಸಿ ಕಡಿಮೆ ಮಾಡಬೇಕು. ವಾರಕ್ಕೊಮ್ಮೆ ಬಲ್ಬನ್ನು ಒಂದು ಗೇಣು ಮೇಲೆ ಕಟ್ಟುವುದು, ತಿಂಗಳಾದಾಗ ತೆಗೆದೇ ಬಿಡುವುದು. ಆ ಕೆಲಸ ಇವರೇ ಮಾಡಿದರು. "ಬಲ್ಬ್ ತೆಗೆದ ಮರುದಿನ ನಾನು ಹೊರಡುವುದು," ಅಂತ ತಮಾಷೆಗೆ ಹೇಳಿದರು. ನನಗೆ ತಮಾಷೆ ಅನಿಸಲಿಲ್ಲ.

ಮೂರನೇ ವಾರ ಇವರು ಬೆಳ್ತಂಗಡಿಗೆ ಹೋದಾಗ ನಾನು ಕೊಟ್ಟಿಗೆಗೆ ಹೋಗಿ ಬಲ್ಬನ್ನು ಒಂದು ಗೇಣು ಕೆಳಗೆ ಇಳಿಸಿ ಕಟ್ಟಿದೆ. ಯಾಕೆ ಅಂತ ಕೇಳಿದರೆ ಈಗಲೂ ಹೇಳಲು ಬರುವುದಿಲ್ಲ. ಇವರು ಬಂದು ನೋಡುವಾಗ ಮರಿಗಳು ತಗಡಿಗೆ ಒತ್ತಿಕೊಂಡು, ರೆಕ್ಕೆ ಬಿಡಿಸಿ, ಬಾಯಿ ಕಳೆದು ಏದುಸಿರು ಬಿಡುತ್ತಿದ್ದವು.

"ದಾರ ಇಳಿಸಿದ್ದು ಯಾರು?"

"ಇಲಿ ಇರಬಹುದು."

"ಇಲಿ ಗಂಟೂ ಹಾಕ್ತದಾ?"

ನಾನು ನೀರಿನ ಪಾತ್ರೆ ತೊಳೆಯಲು ಹೋದೆ. ಇವರು ಬಲ್ಬನ್ನು ಮೇಲೆ ಕಟ್ಟಿ, ಹೊರಗೆ ಬಂದು, "ಆ ಇಲಿಗೆ ಹೇಳು, ನನಗೂ ಹೋಗಲಿಕ್ಕೆ ಮನಸ್ಸಿಲ್ಲ ಅಂತ," ಅಂದರು.

೪. ಏಳು ಜನ

ಹೋಗುವ ಮೊದಲು ಇವರು ಮರಿಗಳ ಕೂಗನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದರು, ನನಗೆ ಗೊತ್ತಿರಲಿಲ್ಲ. ದೋಹಾದಲ್ಲಿ ಇವರ ರೂಮಿನಲ್ಲಿ ಒಟ್ಟು ಏಳು ಜನ. ಶುಕ್ರವಾರ ರಜೆ. ಊಟದ ನಂತರ ಅದನ್ನು ದಿಂಬಿನಡಿ ಸಣ್ಣಗೆ ಹಾಕಿಕೊಂಡು ಮಲಗಿದ್ದಾರೆ.

ರೂಮಿನೊಳಗೆ ಕೋಳಿಮರಿ ಸೇರಿಕೊಂಡಿದೆ ಅಂತ ಉಳಿದ ಆರು ಜನ ಎದ್ದರಂತೆ. ಮಂಚ ಎಳೆದರಂತೆ, ಪೆಟ್ಟಿಗೆ ಸರಿಸಿದರಂತೆ. ಕೇರಳದ ಡ್ರೈವರ್ ಒಬ್ಬರು ತಟ್ಟೆಯಲ್ಲಿ ಅನ್ನ ಹಾಕಿ ನೆಲದ ಮೇಲೆ ಕೂತು ಕರೆದರಂತೆ. ಇನ್ನೊಬ್ಬರು, ಮರಿಗೆ ಚಳಿಯಾದೀತು ಅಂತ ಎ.ಸಿ. ಆರಿಸಿದರಂತೆ. ಸೆಖೆಗೆ ಇವರಿಗೆ ಎಚ್ಚರವಾಗಿ ನೋಡಿದರೆ, ಆರು ಜನ ಬೆವರು ಸುರಿಸುತ್ತಾ ಮಂಚದಡಿ ಇದ್ದಾರೆ.

ಇವರು ಹೆದರಿ ಮೊಬೈಲ್ ತೆಗೆದು ತೋರಿಸಿದರು. ಯಾರೂ ಬೈಯಲಿಲ್ಲ. ಅನ್ನದ ತಟ್ಟೆ ಹಿಡಿದವರು, "ಬಂದ್ ಮಾಡಬೇಡ, ಸ್ವಲ್ಪ ಹೊತ್ತು ಇರಲಿ," ಅಂದರಂತೆ.

ಈಗ ರೂಮಿನ ಯಾರಿಗೂ ರೆಕಾರ್ಡ್ ಸಾಲುವುದಿಲ್ಲ. ಶುಕ್ರವಾರ ಮಧ್ಯಾಹ್ನ ಇವರ ಫೋನ್ ಬರುತ್ತದೆ. ವಾರವಿಡೀ ಹೇಳಬೇಕೆಂದು ಇಟ್ಟುಕೊಂಡ ಮಾತು ನನ್ನ ಹತ್ತಿರ ರಾಶಿ ಇರುತ್ತದೆ. ಇವರು ಮೆಲ್ಲಗೆ, "ಫೋನನ್ನು ಮರಿಗಳ ಹತ್ತಿರ ಇಡು. ನೀನು ಮಾತಾಡಬೇಡ, ಎಲ್ಲರೂ ಮಲಗಿದ್ದಾರೆ," ಅನ್ನುತ್ತಾರೆ.

ನಾನು ಫೋನ್ ಇಟ್ಟು ಗೋಣಿಯ ಮೇಲೆ ಬಾಯಿ ಮುಚ್ಚಿ ಕೂರುತ್ತೇನೆ. ಆ ಕಡೆಯಿಂದ ಏಳು ಗೊರಕೆ ಕೇಳಿಸುತ್ತದೆ. ಅದರಲ್ಲಿ ನಮ್ಮವರದ್ದು ಯಾವುದು ಅಂತ ನನಗೆ ಗೊತ್ತು. ಉಳಿದ ಆರು ಜನ ಸ್ವಲ್ಪ ಸುಮ್ಮನಿದ್ದರೆ ಸರಿಯಾಗಿ ಕೇಳಿಸುತ್ತಿತ್ತು.